ಅಳಿವೆಯಲ್ಲಿ ಕಾಮರ್ಸ್‌ಗೆ ಏನು ಕೆಲಸ?

ಪರಿಸರ ಶಿಕ್ಷಣದ ಇಂಟರ್ನ್‌ಶಿಪ್ ಎಂದರೆ ಸೈನ್ಸ್ ವಿಭಾಗದವರಿಗೆ ಮಾತ್ರ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಹಾಗೇನಿಲ್ಲ. ದಸರಾ ರಜೆಯಲ್ಲಿ ನಾನು ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ, ಊರಿನ ಶಾಲಾ ಮಕ್ಕಳಿಗೆ ಶಿಬಿರ ನಡೆಸುವ ತಂಡವೊಂದರ ಜೊತೆ ಎರಡು ವಾರ ಇದ್ದೆ.

ನದಿಯ ಸಿಹಿನೀರು ಸಮುದ್ರದ ಉಪ್ಪುನೀರಿನೊಡನೆ ಬೆರೆಯುವ ಜಾಗವೇ ಅಳಿವೆ. ಶಿರಸಿ ಬಳಿ ಹುಟ್ಟುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಈ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ರಾಮ್ಸಾರ್ ಇರಾನ್ ದೇಶದ ಒಂದು ಊರು. ಜೌಗು ಪ್ರದೇಶಗಳನ್ನು ಕಾಪಾಡುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ 1971ರಲ್ಲಿ ಅಲ್ಲಿ ಸಹಿ ಬಿತ್ತು.

ಇಲ್ಲಿನ ಟೈಮ್‌ಟೇಬಲ್ ಬರೆಯುವುದು ಚಂದ್ರ. ನೀರು ಇಳಿದಾಗ ಮಾತ್ರ ಪಾಠ, ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಹಿಜ್ರಿ ಕ್ಯಾಲೆಂಡರ್ ಇರುವ ಮನೆಯವರಿಗೆ ಇದು ಸುಲಭ: ತಿಂಗಳ ಮೊದಲ ದಿನಗಳು ಮತ್ತು 15ರ ಹತ್ತಿರ ಅಂತ ನೆನಪಿಟ್ಟರೆ ಆಯಿತು.

ಮಕ್ಕಳಿಗೆ ಮೊದಲು ಕಾಂಡ್ಲಾ ಗಿಡ ತೋರಿಸುತ್ತೇವೆ. ಒಂದು ಜಾತಿಯ ಎಲೆಯನ್ನು ನಾಲಿಗೆಗೆ ತಾಗಿಸಿದರೆ ಉಪ್ಪು; ಗಿಡ ತಾನು ಹೀರಿದ ಉಪ್ಪನ್ನು ಎಲೆಯಿಂದ ಹೊರಹಾಕುತ್ತದೆ. ಇನ್ನೊಂದು ಜಾತಿಯ ಬೀಜ ಮರದಲ್ಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದವಾಗಿ ತೂಗಾಡಿ, ಕೆಳಗೆ ಬಿದ್ದು ಕೆಸರಿನಲ್ಲಿ ಬೇರೂರುತ್ತದೆ. ಬೇರುಗಳ ನಡುವೆ ಮೀನು, ಸಿಗಡಿಯ ಮರಿಗಳು ಬೆಳೆಯುತ್ತವೆ.

ನನಗೆ ಅತ್ಯಂತ ಇಷ್ಟವಾದದ್ದು ಬಳಚಿನ ಪ್ರಯೋಗ. ಎರಡು ಗಾಜಿನ ಪಾತ್ರೆಗಳಲ್ಲಿ ಅಳಿವೆಯ ಕದಡಿದ ನೀರು ತುಂಬಿ, ಒಂದರಲ್ಲಿ ಜೀವಂತ ಬಳಚು ಹಾಕಿ ಬಿಡುವುದು. ಬಳಚು ನೀರನ್ನು ಸೋಸಿ ತನ್ನ ಆಹಾರ ತೆಗೆದುಕೊಳ್ಳುತ್ತದೆ. ಕೆಲವು ಗಂಟೆಗಳ ನಂತರ ಅದಿರುವ ಪಾತ್ರೆಯ ನೀರು ತಿಳಿ. ಆಮೇಲೆ ಬಳಚನ್ನು ವಾಪಸ್ ಅಳಿವೆಗೇ ಬಿಡುತ್ತೇವೆ.

ಪ್ರಯೋಗ ಮುಗಿದ ಮೇಲೆ ಏಳನೇ ತರಗತಿಯ ಹುಡುಗಿಯೊಬ್ಬಳು, "ಅಕ್ಕಾ, ಹಾಗಾದ್ರೆ ನಮ್ಮಮ್ಮ ಬಳಚು ತೆಗೆಯೋದು ತಪ್ಪಾ?" ಎಂದು ಕೇಳಿದಳು. ಆ ಮನೆಯ ಊಟ, ಫೀಸು ಎಲ್ಲ ಬಳಚಿನಿಂದಲೇ. ಅವಳಿಗೆ "ಪ್ರಕೃತಿ ಉಳಿಸಿ" ಎಂಬ ಪೋಸ್ಟರ್ ತೋರಿಸಿ ಪ್ರಯೋಜನವಿಲ್ಲ. ರಾಮ್ಸಾರ್ ಒಪ್ಪಂದವೂ ಮುಟ್ಟಬೇಡಿ ಎನ್ನುವುದಿಲ್ಲ, ವಿವೇಕದಿಂದ ಬಳಸಿ ಎನ್ನುತ್ತದೆ.

ನಮ್ಮ ಅಕೌಂಟೆನ್ಸಿ ಪುಸ್ತಕದ ಡ್ರಾಯಿಂಗ್ಸ್ ಇಲ್ಲಿ ಕೆಲಸಕ್ಕೆ ಬಂತು. ಅಂಗಡಿಯವನು ಲಾಭದಷ್ಟು ಮನೆಗೆ ಒಯ್ದರೆ ಬಂಡವಾಳ ಹಾಗೇ ಇರುತ್ತದೆ. ಅದಕ್ಕಿಂತ ಹೆಚ್ಚು ಒಯ್ದರೆ ಅಂಗಡಿಯೇ ಕರಗುತ್ತದೆ. (ಬ್ಯಾಂಕಿನ ಬಡ್ಡಿಯ ಉದಾಹರಣೆ ಇನ್ನೂ ಸುಲಭ, ಆದರೆ ಮನೆಯಲ್ಲಿ ಅಬ್ಬಾಗೆ ಹಿಡಿಸುವುದಿಲ್ಲ.) ಮರಿ ಹಾಕುವಷ್ಟು ಬೆಳೆಯದ ಸಣ್ಣ ಬಳಚು ಬಂಡವಾಳ. ಅದನ್ನು ಬಿಟ್ಟು ದೊಡ್ಡದನ್ನು ತೆಗೆದರೆ ತಪ್ಪಿಲ್ಲ ಎಂದೆ. "ಅಮ್ಮ ಸಣ್ಣದನ್ನ ವಾಪಸ್ ಹಾಕ್ತಾರೆ" ಎಂದಳು. ಹಾಗಾದರೆ ನಿನ್ನಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತು ಎಂದೆ. ಮರುದಿನ ಅವರನ್ನೇ ಶಿಬಿರಕ್ಕೆ ಕರೆದೆವು. ಕೈಯಲ್ಲಿ ಹಿಡಿದು ಯಾವುದು ಸಣ್ಣದು, ಯಾವುದು ತೆಗೆಯಬಹುದು ಎಂದು ಅವರು ತೋರಿಸಿದ್ದು ನಮ್ಮ ಚಾರ್ಟಿಗಿಂತ ಸ್ಪಷ್ಟವಾಗಿತ್ತು.

ಮುಂದಿನ ರಜೆಗೆ ಯಾರಾದರೂ ಹೋಗುವುದಾದರೆ ಚಪ್ಪಲಿ ಬೇಡ, ಕೆಸರು ಕಿತ್ತುಕೊಳ್ಳುತ್ತದೆ. ಬರಿಗಾಲೂ ಬೇಡ, ಚಿಪ್ಪು ಕೊಯ್ಯುತ್ತದೆ. ಲೇಸ್ ಇರುವ ಹಳೆಯ ಶೂ ಸಾಕು.