ಪಂಡಿತರಿಗೂ ಮನೆಮಂದಿಗೂ ಒಂದೇ ಬರಹ

ಕೆಲವು ವರ್ಷಗಳ ಹಿಂದೆ ಸಿರುಗುಪ್ಪ ತಾಲೂಕಿನ ಸಿರಿಗೇರಿಯಲ್ಲಿ ಶ್ರಾವಣಮಾಸದ ಪುರಾಣ ಮುಗಿದ ಮೇಲೆ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ದೇವರ ಜಗಲಿಯ ಮೇಲೆ ವಸ್ತ್ರದಲ್ಲಿ ಸುತ್ತಿದ ತಾಡವೋಲೆಯ ಕಟ್ಟೊಂದಿತ್ತು. ಅದನ್ನು ಕುರಿತು ನಾವು ಹಿಂದೆ ಒಂದು ಸಂಶೋಧನಲೇಖನ ಬರೆದಿದ್ದೆವು. ಆ ಮನೆಯ ಹಿರಿಯ ತಾಯಿ ಕೈಮುಗಿದು, "ಅಪ್ಪಾರೆ, ನೀವು ಬರೆದದ್ದನ್ನ ಮೊಮ್ಮಗನ ಕೈಲಿ ಓದಿಸಿ ಕೇಳಿದೆ. ನಮ್ಮನಿ ಕಟ್ಟಿನಾಗ ಏನೈತಿ ಅನ್ನಾದು ಮಾತ್ರ ತಿಳೀಲಿಲ್ಲ" ಎಂದರು.

ನಿತ್ಯವೂ ನೀರು ಚಿಮುಕಿಸಿ, ವಿಭೂತಿ ಹಚ್ಚಿ ಪೂಜಿಸಿದ್ದರಿಂದ ಮೇಲಿನ ಓಲೆಗಳು ಆಗಲೇ ಶಿಥಿಲವಾಗಿದ್ದವು. ನಮ್ಮ ಲೇಖನದಲ್ಲಿ ಓಲೆಗಳ ಅಳತೆ, ಲಿಪಿಲಕ್ಷಣ, ಪಾಠಾಂತರ ಎಲ್ಲವೂ ಇದ್ದವು. ಕಟ್ಟನ್ನು ಕಾಪಾಡಬೇಕಾದವರಿಗೆ ತಿಳಿಯುವ ಮಾತೊಂದೂ ಇರಲಿಲ್ಲ. ದೋಷ ಆ ತಾಯಿಯದಲ್ಲ, ನಮ್ಮದು.

ವಿದ್ವತ್ತಿನ ಬರಹವು ವಿದ್ವಾಂಸರಿಗಷ್ಟೇ ಮುಟ್ಟಿದರೆ ಅದರ ಆಧಾರವೇ ಅಳಿಯುತ್ತದೆ. ಓಲೆಗರಿಗಳು ಉಳಿಯುವುದೂ ಹೊಲದ ಬದುವಿನ ಶಾಸನಗಳು ಒಡೆಯದಿರುವುದೂ ಊರವರ ತಿಳಿವಳಿಕೆಯಿಂದಲೇ ಎಂಬುದನ್ನು ಮರೆಯಲಾಗದು.

ಇದನ್ನು ಮೊದಲೇ ಅರಿತವರು ವಚನಪಿತಾಮಹ ಡಾ. ಫ.ಗು. ಹಳಕಟ್ಟಿಯವರು (1880–1964). ವೃತ್ತಿಯಿಂದ ವಕೀಲರಾದ ಅವರು ಮನೆ-ಮಠಗಳಿಗೆ ಅಲೆದು ಓಲೆಗರಿಗಳನ್ನು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಅದರಲ್ಲಿ ವಚನಗಳನ್ನು ವಿಷಯಾನುಸಾರ ಜೋಡಿಸಿದರು. ಸಂಶೋಧಕರಿಗೆ ಅಲ್ಲಿ ಮೂಲಪಾಠ ದೊರೆಯಿತು. ಗೃಹಸ್ಥರಿಗೆ ತಮಗೆ ಬೇಕಾದ ವಿಷಯವನ್ನು ತೆರೆದು ಓದುವ ಅನುಕೂಲ ದೊರೆಯಿತು. 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ಮರುವರ್ಷ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಶೋಧಿಸಿದ್ದು ಸಮಾಜಕ್ಕೆ ಸೇರದೆ ಶೋಧನೆ ಪೂರ್ಣವಾಗದೆಂಬುದೇ ಅವರ ಬಾಳಿನ ಪಾಠ.

ಇಬ್ಬರಿಗೂ ಸಲ್ಲುವಂತೆ ಬರೆಯುವುದು ಹೇಗೆ? ವಚನದ ಅಂಕಿತವನ್ನೇ ನೋಡಿರಿ. 'ಕೂಡಲಸಂಗಮದೇವ' ಎಂದೊಡನೆ ಭಕ್ತನು ಬಸವಣ್ಣನವರನ್ನು ನೆನೆದು ತಲೆಬಾಗುತ್ತಾನೆ. ವಚನವು ಯಾರದೆಂದು ನಿರ್ಣಯಿಸಲು ವಿದ್ವಾಂಸನಿಗೂ ಅದೇ ಮೊದಲ ಸಾಕ್ಷಿ. ಇಬ್ಬರೂ ಕೂಡುವ ಇಂತಹ ಎಡೆಯಿಂದ ಲೇಖನವನ್ನು ತೊಡಗಬೇಕು. 'ಪಾಠಾಂತರ' ಎಂದು ಬರೆದೊಡನೆ, ಒಂದೇ ವಚನವು ಎರಡು ಕಟ್ಟುಗಳಲ್ಲಿ ಬೇರೆ ಬೇರೆ ಮಾತುಗಳಿಂದ ಕೂಡಿರುವುದೆಂದು ಬಿಡಿಸಿ ಹೇಳಬೇಕು. ಹೀಗೆ ಬಿಡಿಸಿ ಹೇಳುವುದರಿಂದ ಪಾಂಡಿತ್ಯಕ್ಕೆ ಕುಂದಿಲ್ಲ.

ಆದರೆ ಸುಲಭವಾಗಿ ಹೇಳುವುದು ಬೇರೆ, ಕೇಳುವವರ ಮೆಚ್ಚಿಗೆಗಾಗಿ ಹೇಳುವುದು ಬೇರೆ. ಪವಾಡಕಥೆಯನ್ನು ಚರಿತ್ರೆಯೆಂದೂ ಊಹೆಯನ್ನು ನಿರ್ಣಯವೆಂದೂ ಬರೆದರೆ ಭಕ್ತರು ಇಂದು ಹಿಗ್ಗಬಹುದು. ನಾಳೆ ಅವರ ಮಕ್ಕಳು ಅದರೊಡನೆ ನಿಜವನ್ನೂ ನಂಬದೆ ಹೋಗುವರು. ಭಾಷೆ ತಿಳಿಯಾಗಲಿ, ಪ್ರಮಾಣ ಸಡಿಲವಾಗದಿರಲಿ.

ಸಿರಿಗೇರಿಯಿಂದ ಮರಳಿದ ಮೇಲೆ ನಾವು ಆ ಲೇಖನವನ್ನು ಮತ್ತೆ ಬರೆದೆವು. ಕಟ್ಟಿನಲ್ಲಿ ಯಾರ ವಚನಗಳಿವೆ, ಹಿರಿಯರು ಅವನ್ನು ಏಕೆ ಬರೆಯಿಸಿಟ್ಟರು ಎಂಬುದು ಮೊದಲು ಬಂದಿತು. ಅಳತೆ, ಲಿಪಿಗಳ ವಿಚಾರ ಅನಂತರ. ಓಲೆಗಳಿಗೆ ತೇವ ತಗುಲಿಸದೆ, ಒಣಗಿದೆಡೆ ಇಟ್ಟು, ಬಲ್ಲವರಿಗೆ ತೋರಿಸಬೇಕೆಂಬ ಮಾತನ್ನೂ ಸೇರಿಸಿದೆವು. ಆ ಪ್ರತಿಯನ್ನು ಓದಿಸಿ ಕೇಳಿದ ತಾಯಿ ಕಟ್ಟನ್ನು ಮರದ ಪೆಟ್ಟಿಗೆಯಲ್ಲಿರಿಸಿದ್ದಾರೆ. ವಿಭೂತಿ ಈಗ ಪೆಟ್ಟಿಗೆಗೆ ಸಲ್ಲುತ್ತದೆ. ಓಲೆಗೆ ನೀರು ಸೋಕುವುದಿಲ್ಲ. ಪಂಡಿತರ ಮೆಚ್ಚಿಗೆಗಿಂತ ಈ ಫಲ ನಮಗೆ ಹಿರಿದೆನಿಸಿತು.