ಮಾಹಿಷ್ಮತಿಯ ಅರಮನೆ ಬಿಟ್ಟವಳು

ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ ನಮ್ಮ ಕಾರವಾರ, ಅಂಕೋಲಾ ಕಡೆ ಯಕ್ಷಗಾನದ ರಂಗ ಏಳುತ್ತದೆ. ಎಷ್ಟೋ ರಾಜರಾಣಿಯರು ಕುಣಿದು ಹೋಗುತ್ತಾರೆ. ನಾನು ಕಾಯುವುದು ಜ್ವಾಲೆಯನ್ನು.

ಕಥೆ ಲಕ್ಷ್ಮೀಶನ ಜೈಮಿನಿ ಭಾರತದ್ದು. ಧರ್ಮರಾಯನ ಅಶ್ವಮೇಧದ ಕುದುರೆ ಮಾಹಿಷ್ಮತಿಗೆ ಬರುತ್ತದೆ, ಅದನ್ನು ಕಟ್ಟಿದ್ದಕ್ಕೆ ಕಾಳಗವಾಗುತ್ತದೆ. ಅರ್ಜುನನಿಗೆ ತಲೆಬಾಗುವುದೇ ಲೇಸೆಂದು ಅಲ್ಲಿನ ರಾಜ ನೀಲಧ್ವಜನಿಗೆ ಅಳಿಯ ಅಗ್ನಿಯೇ ಬುದ್ಧಿ ಹೇಳುತ್ತಾನೆ. ರಾಣಿ ಜ್ವಾಲೆ ಒಪ್ಪುವುದಿಲ್ಲ, ಗಂಡನನ್ನು ಮತ್ತೆ ಕಾಳಗಕ್ಕೆ ನೂಕುತ್ತಾಳೆ. ಮಕ್ಕಳು ಮಡಿಯುತ್ತಾರೆ. ಸೋತು ಬಂದ ರಾಜ ತಪ್ಪನ್ನೆಲ್ಲ ಹೆಂಡತಿಯ ಮೇಲೆ ಹೊರಿಸಿ, ಕುದುರೆ ಒಪ್ಪಿಸಿ ಅರ್ಜುನನ ಹಿಂದೆ ಹೊರಡುತ್ತಾನೆ. ಅವಳು ತವರಿಗೆ ಹೋದರೆ ಅಣ್ಣನೂ ಕೈಬಿಡುತ್ತಾನೆ. ಕೊನೆಗೆ ಗಂಗೆಯಿಂದ ಅರ್ಜುನನಿಗೆ ಶಾಪ ಕೊಡಿಸಿ, ಬೆಂಕಿಗೆ ಹಾರಿ, ಬಾಣವಾಗಿ ಅರ್ಜುನನ ಮಗ ಬಭ್ರುವಾಹನನ ಬತ್ತಳಿಕೆ ಸೇರುತ್ತಾಳೆ.

ಭಾಗವತರ ಪದ್ಯಕ್ಕೆ ಅರ್ಥ ಹೇಳುವ ಮಾತು ಕಲಾವಿದನದೇ. ಬರೆದಿಟ್ಟದ್ದಲ್ಲ. ಹಾಗಾಗಿ ಒಂದೇ ಜ್ವಾಲೆ ಒಬ್ಬನಲ್ಲಿ ಗಯ್ಯಾಳಿ, ಇನ್ನೊಬ್ಬನಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಿ. ನಮ್ಮ ಆಯಿಗೆ ಗಯ್ಯಾಳಿ ಜ್ವಾಲೆ ಸೇರುತ್ತಿರಲಿಲ್ಲ. “ಗಂಡ ಒಂದು ಸಲವಾದ್ರೂ ಅವಳ ಸಂಗ್ತಿಗೆ ಕೂತು ಅತ್ನಾ?” ಎಂದು ಕೇಳುತ್ತಿದ್ದಳು. ನನ್ನ ಮಟ್ಟಿಗೆ ಇಡೀ ಪ್ರಸಂಗದ ಜೀವ ಆ ಪ್ರಶ್ನೆಯಲ್ಲಿದೆ. ಕಿರೀಟ ತೊಟ್ಟ ಗಂಡನೆದುರು ಸೀರೆಯುಟ್ಟ ಸ್ತ್ರೀವೇಷ ಸುಮ್ಮನೆ ನಿಂತರೂ ಸಾಕು, ಆ ದಾಂಪತ್ಯ ಒಡೆದದ್ದು ಕಾಣುತ್ತದೆ.

ಈಗಿನ ಕಾಲಮಿತಿಯ ಆಟಗಳಲ್ಲಿ ಕತ್ತರಿ ಬೀಳುವುದು ಸಹಜ. ಯುದ್ಧದ ಕುಣಿತ ಬೇಕಾದರೆ ಕಡಿಮೆ ಮಾಡಲಿ. ತವರಿನ ಬಾಗಿಲಲ್ಲಿ ಅಣ್ಣ ತಂಗಿಯರು ಮಾತಾಡುವ ದೃಶ್ಯವನ್ನು ಮಾತ್ರ ಪೂರ್ತಿ ಆಡಲಿ.