ಆರೂವರೆಯ ಹಾಜರಿ: ಮುಂಬಯಿಯ ಕನ್ನಡ ನೈಟ್ ಸ್ಕೂಲುಗಳು

ಹೋಟೆಲಿನಲ್ಲಿ ಸಂಜೆ ಆರೂವರೆ ಎಂದರೆ ಗಿರಾಕಿ ಏರುವ ಹೊತ್ತು. ಆಫೀಸು ಬಿಟ್ಟವರು ಸ್ಟೇಷನ್ ಸೇರುವ ಮುಂಚೆ ಒಂದು ಚಹಾ, ಒಂದು ಪ್ಲೇಟು ಇಡ್ಲಿ ಎಂದು ಒಳಗೆ ನುಗ್ಗುವ ಹೊತ್ತು. ಮುಂಬಯಿಯ ಕನ್ನಡ ನೈಟ್ ಸ್ಕೂಲುಗಳಲ್ಲಿ ಹಾಜರಿ ಕೂಗುತ್ತಿದ್ದುದೂ ಹೆಚ್ಚುಕಡಿಮೆ ಆಗಲೇ. ಊರಲ್ಲಿ ಐದನೆಯದೋ ಏಳನೆಯದೋ ಮುಗಿಸಿ, ಪರಿಚಯದವರ ಬೆನ್ನು ಹಿಡಿದು ಬಂದು ಮೇಜು ಒರೆಸುತ್ತಿದ್ದ ಹುಡುಗ ಈ ಎರಡರ ನಡುವೆ ಸಿಕ್ಕಿಕೊಂಡಿರುತ್ತಿದ್ದ. ಧನಿ ‘ಹೋಗಿ ಬಾ’ ಎಂದರೆ ಅವನು ವಿದ್ಯಾರ್ಥಿ, ಇಲ್ಲವಾದರೆ ಮಾಣಿ. ಈ ಶಾಲೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸ್ಥಾಪಕರ ಹೆಸರಿನಿಂದ ಶುರುಮಾಡುತ್ತಾರೆ. ನನಗೆ ಮಾತ್ರ ಗಡಿಯಾರದಿಂದ ಶುರುಮಾಡುವುದೇ ಸರಿ ಅನ್ನಿಸುತ್ತದೆ. ಯಾರು ಬರಬಹುದು, ಎಷ್ಟು ದಿನ ಬರಬಹುದು, ಬಂದವನು ಎಷ್ಟು ಹೊತ್ತು ಎಚ್ಚರವಾಗಿರಬಹುದು ಎಂಬುದನ್ನೆಲ್ಲ ತೀರ್ಮಾನಿಸಿದ್ದು ಆ ಗಡಿಯಾರವೇ.

ಫೋರ್ಟ್ ಪ್ರದೇಶದಲ್ಲಿ ಕನ್ನಡ ರಾತ್ರಿ ಶಾಲೆ ಚೆನ್ನಾಗಿ ಬೇರು ಬಿಟ್ಟಿದ್ದಕ್ಕೂ ಅದೇ ಕಾರಣ. ಅಲ್ಲಿನ ಬ್ಯಾಂಕು, ಕಂಪನಿ, ಸರಕಾರಿ ಕಚೇರಿಗಳ ಕ್ಯಾಂಟೀನುಗಳಲ್ಲಿ ಕರ್ನಾಟಕದ ಕರಾವಳಿಯವರು ತುಂಬ ಜನ ಇದ್ದರು. ಆಫೀಸು ಮುಚ್ಚಿದರೆ ಕ್ಯಾಂಟೀನೂ ಮುಚ್ಚುತ್ತಿತ್ತು, ಹುಡುಗನಿಗೆ ಸಂಜೆ ಬಿಡುವಾಗುತ್ತಿತ್ತು. ರಸ್ತೆ ಬದಿಯ ಹೋಟೆಲಿನವನಿಗೆ ಆ ಭಾಗ್ಯ ಇರಲಿಲ್ಲ. ಆದ್ದರಿಂದ ಓದುವ ಆಸೆ ಇದ್ದವನು ಸಂಬಳ ನಾಲ್ಕು ರೂಪಾಯಿ ಕಡಿಮೆಯಾದರೂ ಪರವಾಗಿಲ್ಲ, ಕ್ಯಾಂಟೀನಿನಲ್ಲೇ ಜಾಗ ಸಿಗಲಿ ಎಂದು ಹುಡುಕುತ್ತಿದ್ದ.

ದುಡಿಯುವವರಿಗೆ ರಾತ್ರಿ ಪಾಠ ಹೇಳುವುದು ಮಹಾರಾಷ್ಟ್ರಕ್ಕೆ ಹೊಸದೇನಲ್ಲ. ಜೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ 1855ರಲ್ಲೇ ಪುಣೆಯಲ್ಲಿ ರೈತರಿಗೆ, ಕೂಲಿಗಳಿಗೆ ರಾತ್ರಿ ಶಾಲೆ ತೆರೆದಿದ್ದರು. ಎನ್. ಎಂ. ಜೋಶಿ ಅವರು 1911ರಲ್ಲಿ ಮುಂಬಯಿಯಲ್ಲಿ ಕಟ್ಟಿದ ಸೋಶಿಯಲ್ ಸರ್ವಿಸ್ ಲೀಗ್ ಕೂಡ ಗಿರಣಿ ಕಾರ್ಮಿಕರ ನಡುವೆ ಇಂಥ ಶಾಲೆಗಳನ್ನು ನಡೆಸಿತು. ಕನ್ನಡದವರು ಅದನ್ನು ತಮ್ಮ ಸಮಾಜದ ಸಂಘಗಳ ಮೂಲಕ ಕೈಗೆತ್ತಿಕೊಂಡರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿ ಶಾಲೆಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆ ಇದೆ. 1932ರ ಬಿಲ್ಲವರ ಎಸೋಸಿಯೇಶನ್ ಗುರುನಾರಾಯಣ ರಾತ್ರಿ ಪ್ರೌಢಶಾಲೆಯನ್ನು ನಡೆಸಿತು. ಬೇರೆ ಸಂಘಗಳೂ ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಕೈಜೋಡಿಸಿದವು. ಹೆಸರು ಒಂದು ಜಾತಿಯದಾಗಿದ್ದರೂ ಬೆಂಚಿನ ಮೇಲೆ ಎಲ್ಲರೂ ಒತ್ತಿಕೊಂಡು ಕೂತರು. ಊರಿನ ಅಂಗಳದಲ್ಲಿ ದೂರ ನಿಲ್ಲಬೇಕಾಗಿದ್ದ ಹುಡುಗ ಇಲ್ಲಿ ಇನ್ನೊಬ್ಬನ ಪುಸ್ತಕಕ್ಕೆ ಇಣುಕಿ ನೋಡುತ್ತ ಓದಿದ. ಈ ಶಾಲೆಗಳು ಮಾಡಿದ ಕೆಲಸಗಳಲ್ಲಿ ಇದನ್ನು ಚಿಕ್ಕದೆಂದು ನಾನು ಎಣಿಸುವುದಿಲ್ಲ.

ಕಟ್ಟಡ ಸಾಮಾನ್ಯವಾಗಿ ಬೇರೊಂದು ಹಗಲು ಶಾಲೆಯದು. ಎಳೆಯ ಮಕ್ಕಳಿಗೆ ಮಾಡಿದ ಬೆಂಚುಗಳಲ್ಲಿ ಮೀಸೆ ಬಂದವರು ಮೊಣಕಾಲು ಮಡಚಿ ಕೂರಬೇಕು. ಪ್ರಯೋಗಾಲಯಕ್ಕೆ ಬೀಗ, ಗ್ರಂಥಾಲಯಕ್ಕೆ ಬೀಗ. ಮೂರು ಗಂಟೆಯೊಳಗೆ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್, ಬೀಜಗಣಿತ, ರೇಖಾಗಣಿತ, ವಿಜ್ಞಾನ, ಇತಿಹಾಸ, ಭೂಗೋಳ ಎಲ್ಲವನ್ನೂ ಹಂಚಿಕೊಳ್ಳಬೇಕು. ಪರೀಕ್ಷೆಗೆ ಮಾತ್ರ ಯಾವ ರಿಯಾಯಿತಿಯೂ ಇರಲಿಲ್ಲ. ಹಗಲು ಶಾಲೆಯ ಮಗು ಬರೆಯುವ ಎಸ್ಸೆಸ್ಸಿ ಪ್ರಶ್ನೆಪತ್ರಿಕೆಯೇ ಇವನ ಮುಂದೆಯೂ. 1975ರಲ್ಲಿ ಮಹಾರಾಷ್ಟ್ರದಲ್ಲಿ ಹತ್ತನೆಯ ತರಗತಿಗೆ ಎಸ್ಸೆಸ್ಸಿ ಬರುವವರೆಗೆ ಅದು ಹನ್ನೊಂದನೆಯದರ ಪರೀಕ್ಷೆಯಾಗಿತ್ತು. ಎಂದರೆ ಹಳಬರು ನಿದ್ದೆಗೆಟ್ಟು ಓದಬೇಕಾದ ವರ್ಷ ಇನ್ನೂ ಒಂದು ಹೆಚ್ಚು. ಆ ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ 1967ರಲ್ಲಿ ಶುರುವಾಯಿತು. ಅದು ಕನ್ನಡದಲ್ಲೂ ಪುಸ್ತಕಗಳನ್ನು ಅಚ್ಚು ಹಾಕುತ್ತ ಬಂದಿದೆ. ಶಿವಾಜಿಯ ಚರಿತ್ರೆಯನ್ನು, ಸಹ್ಯಾದ್ರಿಯ ಭೂಗೋಳವನ್ನು ಮಹಾರಾಷ್ಟ್ರದ ಕಡೆಯಿಂದ ನೋಡಿ, ಆದರೆ ಕನ್ನಡದಲ್ಲಿ ಕಲಿತ ತಲೆಮಾರು ಇದು.

ಆ ಹುಡುಗನ ನಾಲಗೆಯ ಮೇಲೆ ದಿನಕ್ಕೆ ಎಷ್ಟು ಭಾಷೆ ಹೊರಳುತ್ತಿದ್ದವು ನೋಡಿ. ಅಡುಗೆಮನೆಯಲ್ಲಿ ತುಳು, ಗಿರಾಕಿಯೊಡನೆ ಹಿಂದಿ, ತರಕಾರಿ ಮಾರುಕಟ್ಟೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಹೀಗೆ ಬಂದವನಿಗೆ ಪಾಠ ಹೇಳಲು ಬೇರೆಯೇ ಜಾಣ್ಮೆ ಬೇಕು. ಹಿಂದಿಯಲ್ಲಿ ಸರಾಗವಾಗಿ ಮಾತಾಡುವ ಅವನು ಹಿಂದಿ ವ್ಯಾಕರಣದ ಮುಂದೆ ತಡವರಿಸುತ್ತಾನೆ. ನಾಲ್ಕು ಮೇಜಿನ ಬಿಲ್ಲನ್ನು ಮನಸ್ಸಿನಲ್ಲೇ ಕೂಡಿಸಿ ಗಲ್ಲಾದ ಕಡೆಗೆ ಕೂಗಿ ಹೇಳುವವನು ಬೀಜಗಣಿತದ ಎಕ್ಸ್ ಕಂಡು ಬೆದರುತ್ತಾನೆ. ಒಳ್ಳೆಯ ಮಾಸ್ತರರು ಇದನ್ನು ಹಿಡಿದುಬಿಡುತ್ತಿದ್ದರು. ಎರಡು ಚಹಾಕ್ಕೂ ಒಂದು ವಡೆಗೂ ಸೇರಿ ಇಷ್ಟಾಯಿತು, ವಡೆಯ ಬೆಲೆ ಗೊತ್ತು, ಚಹಾದ ಬೆಲೆ ಎಷ್ಟು ಎಂದು ಕೇಳಿದರೆ ಎಕ್ಸ್ ತಾನಾಗಿ ಪಳಗುತ್ತದೆ. ಇಂಥ ಲೆಕ್ಕ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ವಿದ್ಯಾರ್ಥಿಯ ಹಗಲನ್ನು ಬಲ್ಲವರಿಗೆ ಮಾತ್ರ ಅದು ಹೊಳೆಯುತ್ತಿತ್ತು.

ಆ ಮಾಸ್ತರರೂ ಹಗಲು ದುಡಿದು ಬಂದವರೇ. ಕೆಲವರು ಬೇರೆ ಶಾಲೆಗಳ ಶಿಕ್ಷಕರು, ಕೆಲವರು ಕಚೇರಿಗಳ ಗುಮಾಸ್ತರು. ದೂರದ ಉಪನಗರದಲ್ಲಿ ಮನೆ, ಬೆಳಿಗ್ಗೆ ಲೋಕಲ್ ಗಾಡಿ, ಹಗಲಿಡೀ ಕೆಲಸ, ಮತ್ತೆ ಮೂರು ಗಂಟೆ ಸೀಮೆಸುಣ್ಣ, ಹತ್ತರ ಮೇಲೆ ಮರಳಿ ಗಾಡಿ. ಮಕ್ಕಳು ಮಲಗಿದ ಮೇಲೆ ಮನೆ ಸೇರಿ, ಏಳುವ ಮುಂಚೆ ಹೊರಡುವ ಬದುಕು. ರಾತ್ರಿ ಶಾಲೆಯ ಸಂಬಳಕ್ಕಾಗಿ ಮಾತ್ರ ಯಾರೂ ಇದನ್ನು ಹತ್ತಿಪ್ಪತ್ತು ವರ್ಷ ಎಳೆಯಲಾರರು.

ಹಳೆಯ ವಿದ್ಯಾರ್ಥಿಗಳನ್ನು ಮಾತಿಗೆಳೆದರೆ ಪಾಠಕ್ಕಿಂತ ಮೊದಲು ಬೇರೆ ಸಂಗತಿಗಳು ಹೊರಬರುತ್ತವೆ. ನಾಲ್ಕು ದಿನ ಹಾಜರಿ ತಪ್ಪಿದರೆ ಮಾಸ್ತರರು ಹೋಟೆಲಿಗೇ ಬಂದು, ಚಹಾ ತರಿಸಿಕೊಂಡು, ಗಲ್ಲಾದಲ್ಲಿದ್ದ ಧನಿಯ ಹತ್ತಿರ ಮೆಲ್ಲಗೆ ಮಾತು ತೆಗೆಯುತ್ತಿದ್ದರಂತೆ. ‘ಹುಡುಗ ಚುರುಕಿದ್ದಾನೆ, ಮಾರ್ಚ್‌ವರೆಗೆ ಬಿಟ್ಟುಕೊಡಿ.’ ಬಹಳ ಧನಿಗಳು ಬಿಟ್ಟುಕೊಟ್ಟರು ಎಂಬುದನ್ನೂ ಹೇಳಬೇಕು. ಅವರಲ್ಲಿ ಎಷ್ಟೋ ಮಂದಿ ಸ್ವತಃ ಅದೇ ಬೆಂಚಿನಿಂದ ಎದ್ದು ಬಂದವರು. ಊರಿಗೆ ಮನಿಯಾರ್ಡರ್ ಫಾರಂ ತುಂಬಿಸಿಕೊಟ್ಟದ್ದು, ಅಮ್ಮನಿಗೆ ಕಾಗದ ಬರೆಯಿಸಿದ್ದು, ಜ್ವರ ಬಂದಾಗ ಆಸ್ಪತ್ರೆಗೆ ಕರೆದೊಯ್ದದ್ದು, ಪರೀಕ್ಷಾ ಶುಲ್ಕಕ್ಕೆ ಕೈಯಿಂದ ಹಾಕಿದ್ದು ಒಂದೊಂದಾಗಿ ನೆನಪಾಗುತ್ತವೆ. ಇನ್ನೊಂದು ಮಾತನ್ನು ಅವರು ಮರೆಯದೆ ಹೇಳುತ್ತಾರೆ: ಹಗಲಿಡೀ ‘ಏ’, ‘ಛೋಕ್ರಾ’ ಎಂದು ಕರೆಸಿಕೊಂಡವನನ್ನು ಹಾಜರಿ ಪುಸ್ತಕ ಅಪ್ಪನ ಹೆಸರು ಸೇರಿಸಿ ಪೂರ್ತಿಯಾಗಿ ಕರೆಯುತ್ತಿತ್ತು.

ತೂಕಡಿಕೆಯ ವಿಷಯದಲ್ಲಿ ಈ ಮಾಸ್ತರರ ವಿವೇಕ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನಸುಕಿನಲ್ಲೇ ಎದ್ದು ಒಲೆ ಹಚ್ಚಿದವನ ಕಣ್ಣು ಎಂಟೂವರೆಗೆ ಎಳೆಯದೆ ಇದ್ದೀತೇ? ಹೊಟ್ಟೆಯೂ ಖಾಲಿ. ಹಗಲು ಶಾಲೆಯಾಗಿದ್ದರೆ ಬೆತ್ತ ಮಾತಾಡುತ್ತಿತ್ತು. ಇಲ್ಲಿ ಮುಖ ತೊಳೆದು ಬಾ ಎನ್ನುವುದು, ಎದ್ದು ನಿಂತು ಗಟ್ಟಿಯಾಗಿ ಓದಿಸುವುದು, ಕೆಲವೊಮ್ಮೆ ಹತ್ತು ನಿಮಿಷ ಸುಮ್ಮನೆ ಮಲಗಲು ಬಿಡುವುದು. ಹಸಿವಿನ ಈ ಮಾತು ಹಳೆಯದಾಗಿ ಹೋಗಿಲ್ಲ. 2008ರಲ್ಲಿ ನಿಕಿತಾ ಕೇತ್ಕರ್ ಶುರುಮಾಡಿದ ‘ಮಾಸೂಮ್’ ಸಂಸ್ಥೆ ಮುಂಬಯಿಯ ರಾತ್ರಿ ಶಾಲೆಗಳಲ್ಲಿ ಗಮನಕೊಟ್ಟ ಸಂಗತಿಗಳಲ್ಲಿ ಪಾಠಕ್ಕೆ ಮುಂಚಿನ ತಿಂಡಿಯೂ ಒಂದು.

ಶಾಲೆ ಬಿಟ್ಟ ಮೇಲೂ ಓದು ಮುಗಿಯುತ್ತಿರಲಿಲ್ಲ. ಹೋಟೆಲಿನ ಶಟರು ಇಳಿದ ನಂತರ, ಮೇಜುಗಳನ್ನು ಜೋಡಿಸಿ ಹಾಸಿಗೆ ಮಾಡುವ ಮುಂಚೆ, ಒಂದು ಬಲ್ಬಿನ ಕೆಳಗೆ ನಾಲ್ಕೈದು ಹುಡುಗರು ಪುಸ್ತಕ ಬಿಚ್ಚುತ್ತಿದ್ದರು. ವಾರ್ಷಿಕೋತ್ಸವ ಬಂತೆಂದರೆ ಯಕ್ಷಗಾನ, ನಾಟಕ, ಭಾಷಣ. ಹೈಸ್ಕೂಲಿನ ಹುಡುಗಾಟ, ಗೆಳೆತನ, ವೇದಿಕೆ ಹತ್ತುವ ಭಯ ಎಲ್ಲವೂ ಈ ಮಕ್ಕಳಿಗೆ ದಕ್ಕಿದ್ದು ರಾತ್ರಿಯ ಆ ಮೂರು ಗಂಟೆಗಳಲ್ಲಿ.

ಎಸ್ಸೆಸ್ಸಿ ಪಾಸಾದವನಿಗೆ ಬ್ಯಾಂಕಿನಲ್ಲೋ ಕಂಪನಿಯಲ್ಲೋ ಕುರ್ಚಿಯ ಕೆಲಸ ಸಿಗುವ ಕಾಲ ಅದು. ಮುಂದೆ ಓದುವವನಿಗೆ ಅದೇ ಫೋರ್ಟಿನಲ್ಲಿ ಸಿದ್ಧಾರ್ಥ ಕಾಲೇಜು ಇತ್ತು. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ 1946ರಲ್ಲಿ ತೆರೆದ ಆ ಕಾಲೇಜು ನೌಕರಿ ಮಾಡುವವರಿಗೆಂದೇ ಬೆಳಗಿನ ತರಗತಿ ನಡೆಸುತ್ತಿತ್ತು. ರಾತ್ರಿ ಕಲಿತವರು ಬೆಳಗಿನವರಾಗಿ ಪದವಿ ಪಡೆದು ವಕೀಲರಾದರು, ಲೆಕ್ಕಪರಿಶೋಧಕರಾದರು. ಸ್ವಂತ ಹೋಟೆಲು ತೆರೆದವರಂತೂ ಸಾಕಷ್ಟು ಮಂದಿ.

ಈಗ ಕನ್ನಡ ಮಾಧ್ಯಮದ ಆ ತರಗತಿಗಳು ಒಂದೊಂದಾಗಿ ಬರಿದಾಗಿವೆ. ಅದರಲ್ಲಿ ಸಂತೋಷಪಡುವ ಭಾಗವೇ ಹೆಚ್ಚು ಎಂದು ನನ್ನ ಎಣಿಕೆ. ಉಡುಪಿ, ದಕ್ಷಿಣ ಕನ್ನಡದ ಮಕ್ಕಳು ಹೈಸ್ಕೂಲನ್ನು ಊರಲ್ಲೇ ಮುಗಿಸುತ್ತಾರೆ, ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯದ ಮುಂಚೂಣಿಯಲ್ಲಿರುತ್ತಾರೆ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕರ ಒಳಗಿನವರನ್ನು ಹೋಟೆಲಿನಲ್ಲಿ ದುಡಿಸುವುದು ಕಾನೂನಿನ ಪ್ರಕಾರ ನಿಷಿದ್ಧ. ಹನ್ನೆರಡು ವರ್ಷದ ಹುಡುಗನನ್ನು ಮನೆಯವರು ಕಣ್ಣೀರು ಒರೆಸಿಕೊಂಡು ಬಸ್ಸು ಹತ್ತಿಸುವ ಕಾಲ ಮುಗಿದದ್ದಕ್ಕೆ ಯಾವ ಶಾಲೆ ಮುಚ್ಚಿದರೂ ನಾನು ಅಳಲಾರೆ. ಮಹಾರಾಷ್ಟ್ರ ಸರಕಾರ 2017ರ ಮೇ ತಿಂಗಳಲ್ಲಿ ತಂದ ನಿಯಮವನ್ನು ಒಪ್ಪುವುದು ಮಾತ್ರ ಕಷ್ಟ. ಹಗಲು ಒಂದು ಶಾಲೆ, ರಾತ್ರಿ ಇನ್ನೊಂದು ಶಾಲೆ ಎಂದು ಎರಡೂ ಕಡೆ ದುಡಿಯುತ್ತಿದ್ದ ಶಿಕ್ಷಕರನ್ನು ಅದು ರಾತ್ರಿ ಶಾಲೆಗಳಿಂದ ಹೊರಗಿಟ್ಟಿತು. ಪೂರ್ಣಾವಧಿ ಶಿಕ್ಷಕರು ಬೇಕೆಂಬ ವಾದ ತಪ್ಪಲ್ಲ. ಆದರೆ ದಣಿದವನಿಗೆ ಹೇಗೆ ಕಲಿಸಬೇಕೆಂಬ ವರ್ಷಗಳ ಅನುಭವ ಅವರ ಜೊತೆಗೇ ಹೊರಟುಹೋಯಿತು. ಇತರ ಭಾಷೆಗಳ ರಾತ್ರಿ ಶಾಲೆಗಳಲ್ಲಿ ಇವತ್ತೂ ಮನೆಗೆಲಸದ ಹೆಂಗಸರು, ಅಂಗಡಿ ಹುಡುಗರು ಬಂದು ಕೂರುತ್ತಾರೆ. ಆ ಜಾಣ್ಮೆ ಅವರಿಗೆ ಬೇಕಾಗಿತ್ತು.

ಮಹಾರಾಷ್ಟ್ರದ ಪ್ರತಿ ಶಾಲೆಯಲ್ಲೂ ಜನರಲ್ ರಿಜಿಸ್ಟರ್ ಎಂಬ ದಪ್ಪ ಪುಸ್ತಕ ಇರುತ್ತದೆ. ಹೆಸರು, ಹುಟ್ಟಿದ ಊರು, ಹಿಂದಿನ ಶಾಲೆ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಎಲ್ಲವನ್ನೂ ಅದರಲ್ಲಿ ಬರೆಯಲೇಬೇಕು. ಕನ್ನಡ ನೈಟ್ ಸ್ಕೂಲುಗಳ ಈ ಪುಸ್ತಕಗಳನ್ನು ಒಟ್ಟಿಗೆ ಓದಿದರೆ ಕರಾವಳಿಯ ಯಾವ ಹಳ್ಳಿಯಿಂದ, ಯಾವ ವಯಸ್ಸಿನಲ್ಲಿ, ಎಷ್ಟು ಓದಿ ಮಕ್ಕಳು ಮುಂಬಯಿಗೆ ಬಂದರು ಎಂಬುದು ವರ್ಷವಾರು ಸಿಗುತ್ತದೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಮುಖ್ಯವಾಗಿ ಜಿ. ಎನ್. ಉಪಾಧ್ಯ ಅವರು, ಮುಂಬಯಿ ಕನ್ನಡಿಗರ ಚರಿತ್ರೆಯನ್ನು ದಾಖಲಿಸುವ ಕೆಲಸ ಮಾಡಿದ್ದಾರೆ. ಶಾಲೆ ನಡೆಸಿದ ಸಂಘಗಳು ಈ ರಿಜಿಸ್ಟರುಗಳನ್ನು ಸ್ಕ್ಯಾನ್ ಮಾಡಿಸಿ ಸಂಶೋಧಕರಿಗೆ ತೆರೆದಿಟ್ಟರೆ ಆ ಕೆಲಸ ಇನ್ನಷ್ಟು ಮುಂದೆ ಹೋಗುತ್ತದೆ. ಶಿಕ್ಷಕರ ಹೆಸರು ಅದರಲ್ಲಿ ಇರುವುದಿಲ್ಲ, ಅವರದು ಬೇರೆ ಮಸ್ಟರು. ಅದನ್ನೂ ಹುಡುಕಬೇಕು. ಧನಿಗೆ ಮಾಸ್ತರರು ಏನು ಹೇಳಿದರು, ಬೀಜಗಣಿತವನ್ನು ಯಾವ ತಿಂಡಿಯ ಬೆಲೆಯಿಂದ ಕಲಿಸಿದರು ಎಂಬುದು ಎರಡರಲ್ಲೂ ಸಿಗದು. ಅದನ್ನು ಬಲ್ಲ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಈಗ ಎಪ್ಪತ್ತು ದಾಟಿದವರು. ಮೊದಲು ಮಾತಾಡಿಸಬೇಕಾದದ್ದು ಅವರನ್ನು.